ಕ್ಯಾತಪ್ಪನ ಗಾಡಿಗೆ ನಾನು ಮಾಡಿದ್ದು

ಕ್ಯಾತಪ್ಪ ಆ ದಿನ ಕುಡಿದಿರಲಿಲ್ಲ. ಮಾರಿಕಣಿವೆ ಕಡೆಯ ಏರಿನಲ್ಲಿ ಅವನನ್ನು ಗಾಡಿಯಿಂದ ಬೀಳಿಸಿದ್ದು ನಾನು. ನಾನು ಅಲ್ಲಿರಲಿಲ್ಲ, ಹೊಸದುರ್ಗದ ನನ್ನ ಗ್ಯಾರೇಜಿನಲ್ಲಿ ಯಾರದೋ ಸ್ಕೂಟರಿನ ಬ್ರೇಕು ಬಿಗಿ ಮಾಡುತ್ತ ಕುಳಿತಿದ್ದೆ — ಆದರೂ ಬೀಳಿಸಿದ್ದು ನಾನೇ. ಇಷ್ಟೇ ಮಾತು. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತಲ್ಲ ಎಂದು ನೆನೆದರೆ ನನ್ನ ಮೇಲೆ ನನಗೇ ರೇಗುತ್ತದೆ.

ಕ್ಯಾತಪ್ಪ ಮಾಡದಕೆರೆ ಕಡೆಯ ಒಂದು ಹಟ್ಟಿಯವನು. ಕುರಿ ಕಾಯುವ ಮನೆತನ. ಸುಗ್ಗಿ ಮುಗಿದ ಮೇಲೆ ಹಟ್ಟಿಯ ಕುರಿಗಳೆಲ್ಲ ಒಂದೇ ಮಂದೆಯಾಗಿ ಮೇವು ಹುಡುಕಿಕೊಂಡು ಹೊರಡುತ್ತವೆ. ಮಂದೆಗಿಂತ ಮುಂದೆ ಒಬ್ಬ ಹೋಗಬೇಕು. ಯಾವ ಊರಲ್ಲಿ ಮೇವಿದೆ, ಗೊಬ್ಬರಕ್ಕಾಗಿ ಯಾರ ಹೊಲದಲ್ಲಿ ಕುರಿ ತಂಗಿಸಬಹುದು ಎಂದು ಮಾತಾಡಿ ಬರಬೇಕು. ನಡೆಯಲಾಗದ ಎಳೆಮರಿಗಳನ್ನು ಚೀಲದಲ್ಲಿಟ್ಟುಕೊಂಡು ಮಂದೆಯ ಜೊತೆ ಸಾಗಬೇಕು. ಹಿಂದೆ ಕತ್ತೆಯ ಮೇಲೆ ನಡೆಯುತ್ತಿದ್ದ ಕೆಲಸ ಈಗ ಬೈಕಿನ ಮೇಲೆ ನಡೆಯುತ್ತದೆ. ಇದನ್ನು ಹಟ್ಟಿಯವರು ಕಂಡಕಂಡವರಿಗೆ ಕೊಡುವುದಿಲ್ಲ. ಅವನ ಒಂದು ಮಾತಿನ ಮೇಲೆ ರೈತರು ಹೊಲ ಬಿಡುತ್ತಾರೆ, ಹಟ್ಟಿಯವರು ಕುರಿ ಬಿಡುತ್ತಾರೆ.

ಒಂದು ಕಾಲದಲ್ಲಿ ಅವನು ಕುಡಿಯುತ್ತಿದ್ದ, ಚೆನ್ನಾಗಿಯೇ ಕುಡಿಯುತ್ತಿದ್ದ. ಅವನ ಹೆಂಡತಿ ಚಿತ್ತಮ್ಮ ರೋಸಿಹೋಗಿ ತವರು ಸೇರಿದ್ದಳು. ಕೊನೆಗೆ ಅವನು ಹಟ್ಟಿಯವರೆಲ್ಲ ನೋಡುತ್ತಿರುವಾಗ ದೇವರ ಮುಂದೆ ಭಂಡಾರದ ಅರಿಶಿನ ಮುಟ್ಟಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದ. ಆ ಆಣೆಯ ಮೇಲೆ ಚಿತ್ತಮ್ಮ ಮರಳಿ ಬಂದಳು. ಆ ಆಣೆಯ ಮೇಲೆಯೇ ಅವನನ್ನು ಮಂದೆಗೆ ಮುಂದಾಳು ಮಾಡಿದರು. ಅವನ ಸಂಸಾರ, ಅವನ ಮರ್ಯಾದೆ ಎರಡೂ ನಿಂತಿದ್ದು ಆ ಒಂದು ಮಾತಿನ ಮೇಲೆ, ಇದು ನನಗೂ ಗೊತ್ತಿತ್ತು.

ಮಂದೆ ಹೊರಡುವ ಮುಂಚೆ ಅವನು ತನ್ನ ಹಳೆಯ ಟೂ-ಸ್ಟ್ರೋಕ್ ಬೈಕನ್ನು ನನ್ನಲ್ಲಿಗೆ ತಂದ. ಕ್ಲಚ್ ಪ್ಲೇಟ್ ಹೋಗಿತ್ತು. ಬೈಕಿನ ಸೀಟು ತಟ್ಟಿ ಅವನು ಹೇಳಿದ್ದು ಇಷ್ಟು:

“ಇದು ಕುರಿ ಹಿಂದೆ ನಡಿಯೋ ಗಾಡಿ ರುದ್ರಣ್ಣ. ಓಡೋದು ಬ್ಯಾಡ. ಮರಿ ಹೇರ್ಕೆಂಡು ಏರು ಹತ್ತುವಾಗ ಉಸುರು ಕಟ್ಟಬಾರ್ದು, ಅಷ್ಟೇ ನೋಡು.”

ಗ್ಯಾರೇಜಿಗೆ ಬರುವ ನೂರು ಜನರಲ್ಲಿ ಇಷ್ಟು ಸರಿಯಾಗಿ ಕೇಳುವವನು ಒಬ್ಬ ಸಿಕ್ಕರೆ ಹೆಚ್ಚು. ಉಳಿದವರದೆಲ್ಲ ಒಂದೇ ಹಾಡು — ಎಷ್ಟು ಹೋಗುತ್ತೆ, ಎಷ್ಟು ಹೋಗುತ್ತೆ. ಹಾಲು ಹಾಕುವವನಿಗೂ ಅದೇ ಬೇಕು, ಮೆಣಸಿನಕಾಯಿ ಮೂಟೆ ಸಾಗಿಸುವವನಿಗೂ ಅದೇ ಬೇಕು. ನಿನ್ನ ಗಾಡಿ ದಿನವಿಡೀ ಸಂತೆಬೀದಿಯಲ್ಲಿ ತೆವಳುತ್ತದಲ್ಲಪ್ಪ, ಅಷ್ಟು ವೇಗ ಇಟ್ಟುಕೊಂಡು ಏನು ಮಾಡುತ್ತೀಯ ಎಂದರೆ ಮುಖ ಗಂಟಿಕ್ಕುತ್ತಾರೆ. ಅವರನ್ನು ಬೈಯುತ್ತಲೇ ನಾನು ಬದುಕಿದ್ದೇನೆ. ಆದರೆ ಅವರೆಲ್ಲರಿಗಿಂತ ದೊಡ್ಡ ಹುಚ್ಚು ಹಿಡಿದಿದ್ದು ನನಗೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು, ಇಲ್ಲದಿದ್ದರೆ ನನ್ನ ತಪ್ಪು ಏನೆಂದು ತಿಳಿಯುವುದಿಲ್ಲ. ಒಂದು ಎಂಜಿನ್ನಿನಲ್ಲಿ ಇರುವ ಕಸುವನ್ನು ಮೆಕ್ಯಾನಿಕ್ ತನಗೆ ಬೇಕಾದ ಕಡೆ ಕೂಡಿಸಬಹುದು. ಅಗಲವಾಗಿ ಹರಡಿಟ್ಟರೆ, ನಿಧಾನಕ್ಕೆ ಹೋಗುವಾಗಲೂ ಕೇಳಿದಷ್ಟು ಕೊಡುತ್ತದೆ, ಜೋರು ಹೋಗುವಾಗಲೂ ಒಂದಿಷ್ಟು ಕೊಡುತ್ತದೆ, ಬೆಚ್ಚಿಬೀಳಿಸುವಂಥದ್ದು ಏನೂ ಇರುವುದಿಲ್ಲ. ಹಾಗಲ್ಲದೆ ಎಲ್ಲವನ್ನೂ ವೇಗದ ತುದಿಗೆ ಒಟ್ಟಿದರೆ, ತುದಿಯಲ್ಲಿ ಗಾಡಿ ಹಾರುತ್ತದೆ, ಕೆಳಗೆ ಸತ್ತಂತಿರುತ್ತದೆ. ಸತ್ತಂತಿದ್ದದ್ದು ಒಮ್ಮೆಲೇ ಎದ್ದು ಬರುವ ಒಂದು ಗಳಿಗೆ ಇದೆ — ಅಲ್ಲಿ ಸವಾರ ಎಚ್ಚರವಿರಬೇಕು. ಪಂದ್ಯದ ಸವಾರನಿಗೆ ಅದೇ ಮೋಜು. ಮರಿ ಹೇರಿಕೊಂಡು ಏರು ಹತ್ತುವವನಿಗೆ ಅದೇ ಗಂಡಾಂತರ.

ಆ ಭಾನುವಾರ ಹೊಳಲ್ಕೆರೆ ಕಡೆಯ ಒಂದು ಬತ್ತಿದ ಕೆರೆಯ ಅಂಗಳದಲ್ಲಿ ಬೈಕ್ ಪಂದ್ಯವಿತ್ತು. ಚಿತ್ರದುರ್ಗ, ಹಿರಿಯೂರು ಕಡೆಯ ಮೆಕ್ಯಾನಿಕ್‌ಗಳೆಲ್ಲ ತಾವೇ ಕೆತ್ತಿ ತೀಡಿದ ಗಾಡಿ ತರುತ್ತಿದ್ದರು. ಯಾರ ಕೈಚಳಕ ದೊಡ್ಡದು ಎಂದು ತೀರ್ಮಾನವಾಗುತ್ತಿದ್ದದ್ದು ಅಲ್ಲಿಯೇ. ನಾನು ತಿಂಗಳುಗಟ್ಟಲೆ ತಯಾರು ಮಾಡಿದ್ದ ನನ್ನ ಬೈಕು ಪಂದ್ಯಕ್ಕೆ ಮೊದಲೇ ಪಿಸ್ಟನ್ ಹಿಡಿದು ನಿಂತುಹೋಯಿತು, ಸಿಲಿಂಡರಿನ ಒಳಗೋಡೆಯೆಲ್ಲ ಗೀರು. ಗ್ಯಾರೇಜಿನ ಮೂಲೆಯಲ್ಲಿ ಅದೇ ಜಾತಿಯ ಇನ್ನೊಂದು ಬೈಕು ನಿಂತಿತ್ತು. ಕ್ಯಾತಪ್ಪನದು. ಅದರ ಸಿಲಿಂಡರ್ ಚೊಕ್ಕವಾಗಿತ್ತು.

ಕೇಳಬಹುದಿತ್ತು. ಕೇಳಿದ್ದರೆ ಅವನು ಕೊಡುತ್ತಲೂ ಇದ್ದನೇನೋ — ಆದರೆ ಕೆತ್ತಲು ಬಿಡುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ. ಸಿಲಿಂಡರ್ ಕಳಚಿ, ಹೊಗೆ ಹೊರಹೋಗುವ ಕಿಂಡಿಯನ್ನು ಅರ ಹಾಕಿ ಉಜ್ಜಿ ಮೇಲಕ್ಕೆ ಏರಿಸಿದೆ. ಎಷ್ಟು ಅಂದುಕೊಂಡಿರಿ? ಒಂದು ಅಕ್ಕಿಕಾಳಿನಷ್ಟು. ಅಷ್ಟೇ ಸಾಕು ಎಂಜಿನ್ನಿನ ಗುಣವೇ ಬದಲಾಗಿ ಕಸುವೆಲ್ಲ ತುದಿಗೆ ಸೇರಲು. ನಡುವೆ ಹೊಟ್ಟೆ ಉಬ್ಬಿದ ನನ್ನ ಪಂದ್ಯದ ಸೈಲೆನ್ಸರನ್ನೂ ಅದಕ್ಕೇ ಹಾಕಿದೆ. ಎಷ್ಟು ನುಣುಪಾಗಿ ಬಂದಿದೆ ನೋಡು ಎಂದು ನನ್ನ ಕೆಲಸಕ್ಕೆ ನಾನೇ ಭೇಷ್ ಅಂದುಕೊಂಡೆ.

ಇಷ್ಟೆಲ್ಲ ಮಾಡಿ, ಅವನ ಬೈಕನ್ನೇ ಓಡಿಸಿ, ಪಂದ್ಯದಲ್ಲಿ ಬಂದದ್ದು ಮೂರನೆಯ ಸ್ಥಾನ. ಒಂದು ಪ್ಲಾಸ್ಟಿಕ್ ಕಪ್ಪು ಕೊಟ್ಟರು, ಮನೆಗೆ ಬರುವ ಹೊತ್ತಿಗೆ ಅದರ ಒಂದು ಕಿವಿ ಕಿತ್ತುಹೋಗಿತ್ತು.

ಕೆತ್ತಿದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಬೇರೆ ಸಿಲಿಂಡರ್ ಹುಡುಕಬೇಕಿತ್ತು, ಆ ಕಾಲಕ್ಕಾಗಲೇ ಅವು ಸುಲಭಕ್ಕೆ ಸಿಗುತ್ತಿರಲಿಲ್ಲ. ಕೆತ್ತಿದ ಕಿಂಡಿಗೆ ಅವನ ಹಳೆಯ ಸೈಲೆನ್ಸರ್ ಹೊಂದದ್ದರಿಂದ ನನ್ನದನ್ನೇ ಬಿಟ್ಟೆ. ಮಂದೆ ಹೋಗಿ ವಾಪಸ್ ಬಂದ ಮೇಲೆ ಬದಲಾಯಿಸಿದರಾಯಿತು, ಇವನಿಗೆ ಏನು ಗೊತ್ತಾಗುತ್ತದೆ — ಹೌದು, ಇದೇ ಮಾತನ್ನು ಮನಸ್ಸಿನಲ್ಲಿ ಅಂದುಕೊಂಡೆ. ಅವನಿಗೆ ಗೊತ್ತಾಯಿತು. ರಸ್ತೆಯ ತುದಿಯವರೆಗೆ ಹೋಗಿ ಬಂದು, “ಯಾಕೋ ಕೆಳಗೆ ಮಂದ ಐತಲ್ಲ ರುದ್ರಣ್ಣ. ಸೈಲೆನ್ಸರೂ ಬ್ಯಾರೆ ಐತೆ” ಅಂದ.

“ಹಳೇದು ತುಕ್ಕು ಹಿಡಿದಿತ್ತು, ತೆಗೆದೆ. ಕ್ಲಚ್ ಹೊಸದಲ್ವಾ, ಓಡ್ತಾ ಓಡ್ತಾ ಸರಿ ಹೋಗುತ್ತೆ. ಮಂದ ಅನ್ನಿಸಿದ್ರೆ ಇನ್ನೊಂಚೂರು ಎಕ್ಸಿಲೇಟರ್ ಕೊಡು, ತಾನೇ ಎದ್ದೇಳ್ತದೆ,” ಅಂದೆ.

ಅವನು ಹಾಗೆಯೇ ಮಾಡಿದ. ನನ್ನ ಮಾತನ್ನು ತಪ್ಪದೆ ಪಾಲಿಸಿದ ಗಿರಾಕಿ ಅವನೊಬ್ಬನೇ ಇರಬೇಕು.

ಹಿರಿಯೂರು ಕಡೆ ಅವನ ಅಕ್ಕನ ಮನೆಯಿತ್ತು. ಅಲ್ಲಿ ಆ ವಾರವೇ ಅಕ್ಕನ ಮೊಮ್ಮಗುವಿಗೆ ಹೆಸರಿಡುವ ಕಾರ್ಯ. ಊಟ ಮುಗಿಸಿ, ಅಕ್ಕ ಪ್ರೀತಿಯಿಂದ ಕೊಟ್ಟ ಎರಡು ಮರಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಮಾರಿಕಣಿವೆ ದಾಟಿ ಬರುವ ದಾರಿಯಲ್ಲಿ ಒಂದು ಏರಿದೆ, ತಿರುವಿನ ಬಳಿ ಜಲ್ಲಿ ಎದ್ದ ರಸ್ತೆ. ಗಾಡಿಗೆ ಉಸಿರು ಕಟ್ಟಿತು. ಅವನು ಇನ್ನೊಂಚೂರು ಕೊಟ್ಟ. ಏನೂ ಆಗಲಿಲ್ಲ, ಮತ್ತೂ ಕೊಟ್ಟ — ಆಗ ಅದು ಎದ್ದಿತು. ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದು, ಗಾಡಿ ಅವನ ಮೇಲೆಯೇ ಮಗುಚಿ, ಅವನು ಗಾಡಿ ಸಮೇತ ರಸ್ತೆ ಪಕ್ಕದ ಮೋರಿಗೆ ಬಿದ್ದ. ತೊಡೆಯ ಮೂಳೆ ಮುರಿಯಿತು. ಒಂದು ಮರಿ ಚೀಲದಲ್ಲಿಯೇ ಸತ್ತಿತು.

ಕಾರ್ಯದ ಮನೆಯಿಂದ ಬರುತ್ತಿದ್ದವನು, ಖಾಲಿ ರಸ್ತೆಯಲ್ಲಿ ತಾನಾಗಿಯೇ ಬಿದ್ದಿದ್ದಾನೆ, ಹಿಂದೆ ಕುಡಿಯುತ್ತಿದ್ದವನು. ಊರಿಗೆ ಇನ್ನೇನು ಬೇಕು? ಅವನ ಬಟ್ಟೆಯಿಂದ ವಾಸನೆ ಬರುತ್ತಿತ್ತು ಎಂದು ಆಸ್ಪತ್ರೆಗೆ ಹೋಗಿ ಬಂದವರು ಸಾಕ್ಷಿ ಹೇಳಿದರು. ಗಾಯ ಒರೆಸಲು ಹಾಕಿದ ಸ್ಪಿರಿಟ್ಟಿನ ವಾಸನೆ ಅದು, ಮೂಗಿದ್ದವರಿಗೆ ತಿಳಿಯಬೇಕಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅವನು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಮೇಲೆ ಹಟ್ಟಿಯವರು ಸೇರಿದರು. ನನ್ನನ್ನೂ ಕರೆಸಿದರು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಲೇ ಹೋದೆ. ಕ್ಯಾತಪ್ಪ ಅಂಗಳದ ಮಂಚದ ಮೇಲೆ ಮಲಗಿದ್ದ. ಚಿತ್ತಮ್ಮ ಬಾಗಿಲಲ್ಲಿ ನಿಂತಿದ್ದಳು. ಹಟ್ಟಿಯ ಯಜಮಾನರು ಕೇಳಿದರು:

“ಆಣೆ ಮಾತು ಇದು, ಸುಮ್ನೆ ತೀರ್ಮಾನ ಮಾಡಾಕೆ ಬರಲ್ಲ. ಕುಡ್ದಿಲ್ಲ ಅಂತಾನೆ ಇವ್ನು. ಗಾಡಿ ತಾನೇ ನೆಗೀತು ಅಂತಾನೆ. ನೀನು ಗಾಡಿ ರಿಪೇರಿ ಮಾಡ್ದಾತ. ಗಾಡಿದೇನಾದ್ರೂ ದೋಷ ಐತೇನಪ್ಪ?”

ಬಾಯಿ ಬಿಟ್ಟರೆ ಸಾಕಿತ್ತು. ಐತೆ ಯಜಮಾನ್ರೇ — ಎರಡೇ ಪದ. ಆದರೆ ಆ ಎರಡು ಪದದ ಹಿಂದೆ ನನ್ನ ಗ್ಯಾರೇಜು ಕಂಡಿತು, ನಾಳೆಯಿಂದ ಯಾರೂ ಗಾಡಿ ತರದ ಗ್ಯಾರೇಜು. ಜನ ಆಡಿಕೊಳ್ಳುವುದು ಕಂಡಿತು. ಆಸ್ಪತ್ರೆಯ ಖರ್ಚು, ಪೊಲೀಸು — ಏನೇನೋ ಕಂಡಿತು. ಮಂಚದ ಮೇಲೆ ಕಣ್ಣೆದುರೇ ಮಲಗಿದ್ದವನು ಮಾತ್ರ ಕಾಣಲಿಲ್ಲ.

“ಗಾಡೀಲಿ ಏನೂ ತೊಂದ್ರೆ ಇರ್ಲಿಲ್ರಿ,” ಅಂದೆ.

ಚಿತ್ತಮ್ಮ ಒಳಗೆ ಹೋದಳು. ಕ್ಯಾತಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ಚೆನ್ನಾಗಿತ್ತು. ಲೆಕ್ಕ ತಪ್ಪಿದವನು ಮತ್ತೆ ಮೊದಲಿನಿಂದ ಕೂಡಿಸುವ ಹಾಗೆ ನೋಡಿದ. ಮುಂದಾಳುತನ ಅವತ್ತೇ ಬೇರೆಯವರ ಪಾಲಾಯಿತು. ನಾನು ರಿಪೇರಿ ನೆಪದಲ್ಲಿ ಅವನ ಬೈಕನ್ನು ತಂದು, ಎಲ್ಲೆಲ್ಲೋ ಹುಡುಕಿ ಒಂದು ಕೆತ್ತದ ಸಿಲಿಂಡರ್ ಹಾಕಿ, ಸೈಲೆನ್ಸರ್ ಬದಲಿಸಿ ಕಳಿಸಿದೆ. ಮೊದಲೇ ಸಿಗದಿದ್ದ ಸಿಲಿಂಡರ್ ಆಗ ಹೇಗೆ ಸಿಕ್ಕಿತು ನೋಡಿ.

ಆಮೇಲಿನ ವರ್ಷಗಳ ಬಗ್ಗೆ ಹೇಳಬೇಕೆಂದರೆ — ಆ ಮನುಷ್ಯನ ಒಳ್ಳೆಯತನ ನನಗೆ ತಲೆನೋವಾಗಿಬಿಟ್ಟಿತು. ಕುಂಟುತ್ತ ಬಸ್ಸಿಳಿದು ಬಂದು ನನ್ನ ಗ್ಯಾರೇಜಿನ ಬೆಂಚಿನ ಮೇಲೆ ಕೂರುತ್ತಿದ್ದ. ಹಟ್ಟಿಯವರ ಗಾಡಿಗಳನ್ನೆಲ್ಲ ನನ್ನಲ್ಲಿಗೇ ಕಳಿಸುತ್ತಿದ್ದ. “ರುದ್ರಣ್ಣನ ಕೈ ಅಂದ್ರೆ ಕೈ. ನನ್ ಗಾಡಿ ಹೆಂಗ್ ಮಾಡಿದ್ದ, ನಾನೇ ನೆಟ್ಟಗೆ ಓಡಿಸ್ಲಿಲ್ಲ” ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದ. ನಿನಗೇನು ಮಾಡಲು ಬೇರೆ ಕೆಲಸವಿಲ್ಲವೇನಯ್ಯ, ಸುಮ್ಮನೆ ಮನೆಯಲ್ಲಿ ಬಿದ್ದಿರಬಾರದೇ ಎಂದು ಕೂಗಬೇಕೆನಿಸುತ್ತಿತ್ತು. ಅವನು ಎದ್ದು ಹೋದ ಮೇಲೆ ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತಿದ್ದೆ. ನನ್ನ ಹೆಂಡತಿ, “ಆ ಪಾಪದವ್ನು ಬಂದು ಹೋದ್ರೆ ನಿಮಗ್ಯಾಕೆ ಹಿಂಗಾಗುತ್ತೆ?” ಎಂದು ಕೇಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅವನು ಬಂದು ಕುಳಿತಿದ್ದಾಗ, ಕೇಳದೆಯೇ ಹೇಳಿದ:

“ಒಂದು ಬಗೆಹರೀತು ರುದ್ರಣ್ಣ. ಅವತ್ತು ಅಕ್ಕನ ಮನ್ಯಾಗೆ ಪಾನಕ ಕೊಟ್ಟಿದ್ರಲ್ಲ, ಅದ್ರಾಗೆ ಯಾರೋ ಏನೋ ಬೆರೆಸಿರಬೇಕು. ನೀನಂತೂ ಸುಳ್ಳು ಹೇಳಲ್ಲ. ಗಾಡಿ ಸರಿ ಇತ್ತು ಅಂದ್ಮೇಲೆ ನಂಗೇ ಏರಿರಬೇಕು. ಅದುಕ್ಕೇ ನಾನು ಅಕ್ಕನ ಮನೆ ಕಡೆ ಹೋಗಾದು ಬಿಟ್ಟೀನಿ.”

ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಊರು ಅವನನ್ನು ನಂಬದೆ ಹೋದದ್ದು ನನಗೆ ಗೊತ್ತಿತ್ತು, ಅದರ ಜೊತೆ ಬದುಕುವುದನ್ನು ನಾಚಿಕೆಯಿಲ್ಲದೆ ರೂಢಿ ಮಾಡಿಕೊಂಡಿದ್ದೆ. ಆದರೆ ಅವನೇ ತನ್ನನ್ನು ನಂಬುವುದು ಬಿಟ್ಟಿದ್ದ. ನನ್ನ ಸುಳ್ಳನ್ನು ನಿಜ ಮಾಡಲು ಒಡಹುಟ್ಟಿದವಳ ಮನೆಯನ್ನೇ ಬಿಟ್ಟಿದ್ದ. ಎಂಥ ಪೆದ್ದ — ಅಲ್ಲ, ಪೆದ್ದ ಅವನಲ್ಲ.

ಅಲ್ಲಿಯೇ ಹೇಳಿದೆ. ಕೆರೆಯಂಗಳದ ಪಂದ್ಯ, ಕಿಂಡಿ ಕೆತ್ತಿದ್ದು, ಸೈಲೆನ್ಸರ್, ಹಟ್ಟಿಯ ಮುಂದೆ ಆಡಿದ ಸುಳ್ಳು, ಎಲ್ಲ. ತಲೆ ತಗ್ಗಿಸಿಕೊಂಡು, ಹೊಡೆಯಲಿ ಎಂದು ಕಾದೆ. ಅವನು ಹೊಡೆಯಲಿಲ್ಲ. ಕಾಲಿನ ವಿಷಯ ಎತ್ತಲಿಲ್ಲ. ಕೇಳಿದ್ದು ಇಷ್ಟೇ:

“ಹಂಗಾದ್ರೆ ನಾನು ಕುಡ್ದಿರ್ಲಿಲ್ಲ?”

“ಇಲ್ಲ ಕ್ಯಾತಪ್ಪ. ನೀನು ಕುಡ್ದಿರ್ಲಿಲ್ಲ.”

“ಇನ್ನೊಂದ್ಸಲ ಹೇಳು.”

ಹೇಳಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ. “ನನ್ ಮುಂದೆ ಹೇಳಿದ್ದು ಸಾಲ್ದು. ಯಾರ್ ಮುಂದೆ ಸುಳ್ ಹೇಳಿದ್ದೋ ಅವ್ರ್ ಮುಂದೆ ಹೇಳು, ನಡಿ ಹೋಗಾಣ,” ಎಂದು ಎದ್ದು ನಿಂತ.

ಹಟ್ಟಿಗೆ ಹೋದೆವು. ಯಜಮಾನರು ಈಗ ಮುದುಕರಾಗಿದ್ದಾರೆ, ಮರದ ಕೆಳಗೆ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕುಳಿತಿದ್ದರು. ನಿಂತುಕೊಂಡೇ ಎಲ್ಲ ಒಪ್ಪಿಕೊಂಡೆ. ಅವರು ಸಾವಕಾಶವಾಗಿ ಕೇಳಿ, ಎಲೆಅಡಿಕೆ ಉಗುಳಿ, “ಹೋಗ್ಲಿ ಬಿಡಪ್ಪ, ಹಳೇ ಮಾತು. ಈಗ ಯಾಕೆ ಕೆದಕಾದು? ಕುಂತ್ಕಳ್ರಿ, ಟೀ ತರಿಸ್ತೀನಿ” ಅಂದರು. ಪಕ್ಕದವನೊಬ್ಬ ಟೂ-ಸ್ಟ್ರೋಕ್ ಗಾಡಿ ಈಗ ಎಲ್ಲಾದರೂ ಸಿಗುತ್ತದೆಯೇ ಎಂದು ನನ್ನನ್ನೇ ವಿಚಾರಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬನನ್ನು ಕುಡುಕ ಅನ್ನಲು ಇವರಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅಲ್ಲ ಅನ್ನಲು ಟೀ ಕುಡಿಯುವಷ್ಟು ಹೊತ್ತೂ ಪುರಸೊತ್ತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ಅದನ್ನು ಕಣ್ಣಾರೆ ನೋಡಿದೆ. ಆದರೆ ಇವರ ಮೇಲೆ ಸಿಟ್ಟಾಗುವ ಯೋಗ್ಯತೆ ನನಗೆಲ್ಲಿದೆ? ಅವತ್ತು ಇವರಾದರೂ ಕೇಳಿದ್ದರು. ಸುಳ್ಳು ಹೇಳಿದ್ದು ನಾನು.

ಕ್ಯಾತಪ್ಪ ಟೀ ಮುಟ್ಟಲಿಲ್ಲ. “ಮನೇಗೆ ನೀನೊಬ್ನೇ ಹೋಗು. ನಾನು ಕುರಿ ಹೊಡ್ಕೆಂಡು ಬರ್ತೀನಿ” ಅಂದು ಹೊಲದ ಕಡೆ ಹೋದ. ನಾನು ಒಬ್ಬನೇ ಹೋದೆ.

ಚಿತ್ತಮ್ಮ ಅಂಗಳದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ನಾನು ಹೇಳುತ್ತಾ ಹೋದಂತೆ ಅವಳ ಕೈಯ ಮೊರ ನಿಧಾನವಾಯಿತು, ಆಮೇಲೆ ನಿಂತಿತು. ಬೈಯಲಿಲ್ಲ. ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. ನನ್ನನ್ನು ಕ್ಷಮಿಸು ಎಂದು ನಾನೂ ಕೇಳಲಿಲ್ಲ. ಅವಳು ನನ್ನ ಕಡೆ ನೋಡದೆ, ಹೊಸ್ತಿಲ ಕಡೆ ನೋಡುತ್ತ ಮಾತಾಡಿದಳು:

“ಆಸ್ಪತ್ರೆಯಿಂದ ಬಂದು ಎದ್ದು ಓಡಾಡ್ದಾಗಿಂದ ಅವ್ನು ದಿನಾ ಸಂಜೆ ಈ ಹೊಸ್ತಿಲ ಹೊರಗೇ ನಿಂತ್ಕಂತಾನೆ ಅಣ್ಣ. ನನ್ ಮುಖಕ್ಕೆ ಬಗ್ಗಿ ಬಾಯಿ ತೆಗೀತಾನೆ. ನಾನು ಮೂಸಿ ನೋಡಿ ‘ಹ್ಞೂಂ’ ಅಂದ್ಮೇಲೇ ಒಳಗೆ ಬರ್ತಾನೆ. ಹಂಗ್ ಮಾಡು ಅಂತ ನಾನೇ ಹೇಳಿದ್ದೆ. ಒಂದಿನಾನೂ ತಪ್ಪಿಸಿಲ್ಲ. ಮೈಯಾಗೆ ಜ್ವರ ಇದ್ದಾಗ್ಲೂ ತಪ್ಪಿಸಿಲ್ಲ.”

ಹೊರಗೆ ಕುರಿಗಳ ಸದ್ದು ಕೇಳಿಸಿತು. ಬೇಲಿಯಾಚೆ ಕ್ಯಾತಪ್ಪ ಕುಂಟುತ್ತ ಕುರಿಗಳನ್ನು ದೊಡ್ಡಿಗೆ ಹೊಡೆಯುತ್ತಿದ್ದ. ಚಿತ್ತಮ್ಮ ಮೊರವನ್ನು ಕೆಳಗಿಟ್ಟು ಎದ್ದಳು, ಮತ್ತೆ ಕುಳಿತಳು.

“ಈಗ ಬರ್ತಾನೆ,” ಅಂದಳು. “ರೂಢಿ ಆಗೈತೆ ಅವ್ನಿಗೆ, ಬಂದು ಬಾಯಿ ತೆಗೀತಾನೆ. ನಾನೇನ್ ಮಾಡ್ಲಿ, ನೀನೇ ಹೇಳು.”

ಹಿಂದೊಮ್ಮೆ ಇದೇ ಅಂಗಳದಲ್ಲಿ ನಿಂತು ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಟ್ಟಿದ್ದವನು ಈ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಕ್ಯಾತಪ್ಪ ದೊಡ್ಡಿಯ ಬಾಗಿಲು ಹಾಕಿ, ಕಾಲು ತೊಳೆದುಕೊಂಡು, ಹೊಸ್ತಿಲ ಹೊರಗೆ ಬಂದು ನಿಂತ.